ಇಂಜಿನ್ನಿಗೆ ಮಸಿ ಕಟ್ಟಿದೆಯೇ?

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಾರು ನಡುಗುತ್ತಿದೆಯೇ? ಪಿಕಪ್ ಕುಂದಿದೆಯೇ? ಮುಂಬಯಿ ಟ್ರಾಫಿಕ್ಕಿನಲ್ಲಿ ತೆವಳುವ ಇಂಜಿನ್ನಿಗೆ ಮಸಿ ಕಟ್ಟುವುದು ಸಹಜ. ಆದರೆ ಗ್ಯಾರೇಜಿನವರು ‘ಡಿಕಾರ್ಬನ್ ಮಾಡಿಸಿ ಸಾರ್’ ಎಂದ ಕೂಡಲೇ ಪರ್ಸ್ ತೆಗೆಯಬೇಡಿ. ಸವೆದ ಸ್ಪಾರ್ಕ್ ಪ್ಲಗ್ಗಿನಿಂದಲೂ ಹೀಗಾಗುತ್ತದೆ. ಮೊದಲು ಅದನ್ನು ನೋಡಿಸಿ. ಆಮೇಲೆ ಸಣ್ಣ ಕ್ಯಾಮೆರಾ ಒಳಗಿಳಿಸಿ ಇನ್‌ಟೇಕ್ ವಾಲ್ವ್ ತೋರಿಸಲು ಹೇಳಿ.

ಸಾಮಾನ್ಯ ಎಂಪಿಎಫ್‌ಐ ಇಂಜಿನ್ನಿನಲ್ಲಿ ಪೆಟ್ರೋಲ್ ಆ ವಾಲ್ವಿನ ಮೇಲೇ ಬೀಳುವುದರಿಂದ, ಟ್ಯಾಂಕಿಗೆ ಸುರಿಯುವ ಕ್ಲೀನರ್ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಹೋಗುತ್ತದೆ. ಕ್ಲೀನರ್ ವಾಲ್ವನ್ನು ಮುಟ್ಟುವುದೇ ಇಲ್ಲ, ದುಡ್ಡು ದಂಡ. ಅಲ್ಲಿ ಮಸಿ ದಪ್ಪಗಿದ್ದರೆ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಚಿಮ್ಮಿಸಿ ಉದುರಿಸುತ್ತಾರೆ. ಹೌದು, ನಾವು ತಿನ್ನುವ ಅಕ್ರೋಟೇ! ಅದರ ಚಿಪ್ಪು ಮಸಿಯನ್ನು ಕೆರೆಯುತ್ತದೆ, ಲೋಹಕ್ಕೆ ಗೀರು ಹಾಕುವುದಿಲ್ಲ.