ಮುಳುಗುಗಾರನ ಸೀಸ
ಠಾಣೆ, ಡೊಂಬಿವಲಿಗಳಿಂದ ಊರ ಕಡೆಗೆ ಹೋದ ನಮ್ಮ ತರುಣರು ಈಚೆಗೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಸಾಧನ ತೊಟ್ಟು ಕಡಲಿಗಿಳಿಯುವುದುಂಟು. ತೇಲಿಸುವ ರಬ್ಬರು ಉಡುಪನ್ನು ಮಣಿಸಲು ಸೀಸ ಹೊರಬೇಕು. ಆದರೆ 10 ಮೀಟರು ಆಳದಲ್ಲಿ ಒತ್ತಡವು ಇಮ್ಮಡಿಸಿ ಉಡುಪು ಕುಗ್ಗುವುದರಿಂದ, ಮೇಲೆ ಹಿತವಾಗಿದ್ದ ತೂಕವೇ ಕೆಳಗೆ ಹೆಚ್ಚಾಗುತ್ತದೆ.

ಮನ್ನಾರ ಕೊಲ್ಲಿಯ ಮುತ್ತಿನ ಮುಳುಗುಗಾರರು ಕಲ್ಲಿನ ಮೇಲೆ ಕಾಲೂರಿ ಇಳಿದು, ತಳ ಸೇರಿದೊಡನೆ ಅದನ್ನು ಬಿಟ್ಟುಬಿಡುತ್ತಿದ್ದರು. ದೋಣಿಯವರು ಹಗ್ಗದಿಂದ ಮೇಲೆಳೆದುಕೊಳ್ಳುತ್ತಿದ್ದರು. ಆ ಜಾಣ್ಮೆ ಮರೆತುಹೋಯಿತೋ ಏನೋ, ಸ್ಕೂಬಾ ಮುಳುಗಿನಲ್ಲಿ ಮಡಿದ ಅನೇಕರ ಶವಗಳು ಸೀಸದ ಸಮೇತ ದೊರೆತಿವೆ.

ಆದಕಾರಣ ಮುಖ್ಯ ತೂಕವು ಒಂದೇ ಕೈಯಿಂದ ಸೆಳೆದೊಡನೆ ಕಳಚುವ ಜೇಬಿನಲ್ಲಿಯೋ ಸೊಂಟಪಟ್ಟಿಯಲ್ಲಿಯೋ, ಎಡಬಲಕ್ಕೆ ಸಮನಾಗಿ ಇರತಕ್ಕದ್ದು. ಜಿಪ್ಪಿನ ಸಾಮಾನ್ಯ ಜೇಬು ಇದಕ್ಕೆ ಸಲ್ಲದು. ಕಳಚುವುದಾದರೂ ಆಪತ್ತಿಗೆ ಮಾತ್ರ; ಆಳದಲ್ಲಿ ಸುಮ್ಮನೆ ಕಳಚಿದರೆ ದೇಹವು ಥಟ್ಟನೆ ಮೇಲೇರಿ ಶ್ವಾಸಕೋಶಕ್ಕೆ ಹಾನಿಯಾದೀತು.