ಕಾಯಕ್ಕೆ ಕಾಯಕ: ವ್ಯಾಯಾಮವೂ ಉರಿಯೂತವೂ

ಗಾಯವಾದಾಗ ತೋರುವ ಕೆಂಪು, ಬಾವು ದೇಹರಕ್ಷಣೆಗಾಗಿ ಬಂದು ಮಾಯುವಂಥವು. ಆದರೆ ಹೊಟ್ಟೆಯ ಕೊಬ್ಬು ಹೆಚ್ಚಿದವರಲ್ಲಿ ನೋವಿಲ್ಲದ ಮಂದ ಉರಿಯೂತವೊಂದು ವರ್ಷಗಟ್ಟಲೆ ಉಳಿದು ರಕ್ತನಾಳಗಳನ್ನು ಕೆಡಿಸುತ್ತದೆ, ಮಧುಮೇಹಕ್ಕೂ ದಾರಿಮಾಡುತ್ತದೆ. ಹೊಲ, ಗಾಣ, ಮಗ್ಗಗಳ ಕಾಯಕ ಬಿಟ್ಟು ಅಂಗಡಿಯ ಗಾದಿಯ ಮೇಲೆ ಕುಳಿತ ನಮ್ಮ ಮನೆತನಗಳು ಇದನ್ನು ಗಮನಿಸಬೇಕು.

ದುಡಿಯುವ ಸ್ನಾಯುವೇ ಇಂಟರ್‌ಲ್ಯೂಕಿನ್-6 ಎಂಬ ದ್ರವ್ಯವನ್ನು ರಕ್ತಕ್ಕೆ ಬಿಡುತ್ತದೆಂದು ಕೋಪನ್‌ಹೇಗನ್ನಿನ ಬೆಂಟೆ ಪೆಡರ್ಸನ್ ಅವರ ತಂಡ 2000ದಲ್ಲಿ ತೋರಿಸಿತು. ಉರಿಯೂತದ ಸಂಗಾತಿಯೆನಿಸಿದ್ದ ಆ ದ್ರವ್ಯವೇ ಸ್ನಾಯುವಿನಿಂದ ಬಂದಾಗ ಉರಿಯೂತವನ್ನು ಶಮನಗೊಳಿಸುವ ಇತರ ದ್ರವ್ಯಗಳನ್ನು ಹೆಚ್ಚಿಸುವುದು ಸೋಜಿಗವೇ ಸರಿ! ಈ ಪರಿಣಾಮ ಕೆಲವೇ ಗಂಟೆಗಳದು. ಆದ್ದರಿಂದ ಶ್ರಾವಣದಲ್ಲೊಮ್ಮೆ ಬೆಟ್ಟ ಹತ್ತಿದರೆ ಸಾಲದು.

ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಂಥ ಶ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಪ್ರಾತಃಕಾಲ ಲಿಂಗಪೂಜೆಗೆ ಮುನ್ನ ಅರ್ಧ ಗಂಟೆ ನಡೆದರೆ ಐದು ದಿನಗಳಲ್ಲಿ ಅದು ಪೂರೈಸುತ್ತದೆ. ಹೃದ್ರೋಗ, ಕೀಲುಬಾವು ಉಳ್ಳವರು ವೈದ್ಯರನ್ನು ಕೇಳಿ ಆರಂಭಿಸುವುದು. ಔಷಧಿಯನ್ನಂತೂ ತಾವಾಗಿ ಬಿಡಲಾಗದು.