ಸಕ್ಕರೆ ನಾಡಿನ ಹುಡುಗನ ಸಪ್ಪೆ ಟೀ

ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನವರು ಅಣಕು ಸಂದರ್ಶನ ಇಟ್ಟಿದ್ದರು. ಫಾರ್ಮಲ್ ಅಂಗಿ ಕಡ್ಡಾಯ. ಮೊದಲ ವರ್ಷ ಫ್ರೆಶರ್ಸ್ ಡೇಗೆ ಅಂತ ಅಪ್ಪ ಕೊಡಿಸಿದ್ದ ತಿಳಿನೀಲಿ ಅಂಗಿಯನ್ನು ಟ್ರಂಕಿನ ತಳದಿಂದ ತೆಗೆದು, ಪಕ್ಕದ ರೂಮಿನಿಂದ ಇಸ್ತ್ರಿಪೆಟ್ಟಿಗೆ ಸಾಲ ತಂದು ಉಜ್ಜಿ ಹಾಕಿಕೊಂಡೆ. ಮೇಲಿನ ಮೂರು ಗುಂಡಿ ಸಲೀಸಾಗಿ ಕೂತವು. ನಾಲ್ಕನೆಯದು ಉಸಿರು ಬಿಗಿಹಿಡಿದರೆ ಮಾತ್ರ. ಐದನೆಯದು ಸಂದರ್ಶನದ ಕೋಣೆಯಲ್ಲಿ, ‘ನಿಮ್ಮ ಬಗ್ಗೆ ಹೇಳಿ’ ಎಂದು ಎದುರಿಗಿದ್ದವರು ಕೇಳಿದ ಕೂಡಲೇ ಟಪ್ ಅಂತ ಕಿತ್ತು ಮೇಜಿನ ಕೆಳಗೆ ಉರುಳಿತು. ನನ್ನ ಬಗ್ಗೆ ಹೇಳಬೇಕಾದ್ದನ್ನು ಗುಂಡಿಯೇ ಹೇಳಿಬಿಟ್ಟಿತ್ತು. ಮೂವರೂ ನಗು ತಡೆದುಕೊಂಡದ್ದು ಅವರ ದೊಡ್ಡತನ.

ಹಾಸ್ಟೆಲ್ ಸೇರಿದಾಗ ನಾನು 71 ಕೆ.ಜಿ. ಇದ್ದೆ. ಐದನೇ ಸೆಮಿಸ್ಟರ್ ಹೊತ್ತಿಗೆ 84.

ಅದೇ ವಾರ ಎನ್ನೆಸ್ಸೆಸ್‌ನವರ ಆರೋಗ್ಯ ಶಿಬಿರ ಇತ್ತು. ಬಿಸ್ಕತ್ತು, ಜ್ಯೂಸ್ ಕೊಡ್ತಾರೆ ಅಂತ ಹೋದವನು ಬೆರಳು ಚುಚ್ಚಿಸಿಕೊಂಡೆ. ಡಾಕ್ಟರ್ ಮೇಡಂ ಚೀಟಿ ನೋಡಿ, ನನ್ನ ಹೊಟ್ಟೆ ನೋಡಿ, ‘ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ?’ ಎಂದರು. ತಾತನಿಗಿತ್ತು, ಅಪ್ಪನಿಗಿದೆ ಎಂದೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಬರೆದುಕೊಟ್ಟರು. ಫಲಿತಾಂಶ ಬಂತು: 5.9. 5.7ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ನಡುವೆ ಇರುವುದು ‘ಪ್ರಿಡಯಾಬಿಟಿಸ್’. ಅಂದರೆ ನಾನು ಹೊಸ್ತಿಲ ಮೇಲೆ ಒಂದು ಕಾಲಿಟ್ಟಿದ್ದೆ.

ಈ ಪರೀಕ್ಷೆಯ ಸ್ವಭಾವ ನಮ್ಮಂಥ ವಿದ್ಯಾರ್ಥಿಗಳಿಗೆ ಆಗಿಬರುವಂಥದ್ದಲ್ಲ. ಕೆಂಪು ರಕ್ತಕಣ ಸುಮಾರು ಮೂರು, ನಾಲ್ಕು ತಿಂಗಳು ಬದುಕುತ್ತದೆ. ಅಷ್ಟು ದಿನ ರಕ್ತದಲ್ಲಿ ಎಷ್ಟು ಸಕ್ಕರೆ ಇತ್ತೋ ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಕೂತಿರುತ್ತದೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಓದಿ ಪಾಸಾಗುವ ಹಾಗೆ ಇಲ್ಲಿ ಹಿಂದಿನ ದಿನ ಪಥ್ಯ ಮಾಡಿ ಪಾಸಾಗಲು ಬರುವುದಿಲ್ಲ. ಇಡೀ ಸೆಮಿಸ್ಟರ್‌ನ ಹಾಜರಾತಿಯನ್ನೇ ಅದು ತೆಗೆದು ತೋರಿಸುತ್ತದೆ.

ತಾತನ ಬಲಗಾಲಿನ ಹೆಬ್ಬೆರಳು ತೆಗೆದದ್ದು ನಾನು ಎಂಟನೇ ಕ್ಲಾಸಿನಲ್ಲಿದ್ದಾಗ. ಗದ್ದೆಯಲ್ಲಿ ಕೂಳೆ ಚುಚ್ಚಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಕೂಳೆ ಅಂದರೆ ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಮೊಂಡುಬುಡ. ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ, ವಿ.ಸಿ. ನಾಲೆಯ ನೀರಲ್ಲಿ ಒಂದೂವರೆ ಎಕರೆ ಕಬ್ಬು. 1933ರಲ್ಲಿ ಮಂಡ್ಯದಲ್ಲಿ ಮೈಶುಗರ್ ಕಾರ್ಖಾನೆ ಶುರುವಾದಾಗಿನಿಂದ ನಮ್ಮ ಕಡೆಯವರ ಮದುವೆ, ಮನೆ, ಓದು ಎಲ್ಲ ಕಬ್ಬಿನ ಬಿಲ್ಲಿನ ಮೇಲೆ ನಿಂತಿವೆ. ‘ಸಕ್ಕರೆ ನಾಡು’ ಅಂತ ಬೋರ್ಡಿನಲ್ಲಿ ಬರೆಸಿಕೊಂಡ ಊರಿನವನು ನಾನು. ಸಕ್ಕರೆ ಕಡಿಮೆ ಮಾಡಬೇಕು ಎಂದರೆ ಯಾರ ಹತ್ತಿರ ಹೇಳಲಿ?

ಸದ್ಯಕ್ಕೆ ಯಾರಿಗೂ ಹೇಳಲಿಲ್ಲ. ಮೊದಲು ಲೆಕ್ಕ ಹಾಕಿದೆ. ನಾನು ಸಿಹಿತಿಂಡಿ ಪ್ರಿಯನೇನಲ್ಲ. ಜಾಮೂನು ಕೊಟ್ಟರೆ ಒಂದು ತಿಂದು ಬಿಡುವವನು. ಹಾಗಾಗಿ ನನ್ನ ಹೊಟ್ಟೆಗೆ ಸಕ್ಕರೆ ಕಾರಣವಲ್ಲ ಅಂತಲೇ ಅಂದುಕೊಂಡಿದ್ದೆ. ಹಾಸ್ಟೆಲ್ ಎದುರಿನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹತ್ತು ಚಮಚ ಸಕ್ಕರೆ ತೂಗಿಸಿದೆ. 45 ಗ್ರಾಂ ಬಂತು. ಅಂಗಡಿಯಣ್ಣ ‘ಪ್ರಾಜೆಕ್ಟಾ?’ ಎಂದ. ಹೌದು ಎಂದೆ.

ಮೆಸ್ಸಿನಲ್ಲಿ ಬೆಳಗಿನ ಟೀ, ಹತ್ತೂವರೆಯ ಬ್ರೇಕಿನಲ್ಲಿ ಕ್ಯಾಂಟೀನ್ ಟೀ, ಸಂಜೆ ಬೇಕರಿ ಟೀ, ರಾತ್ರಿ ಓದುವ ನೆಪದ ಟೀ. ನಾಲ್ಕು ಲೋಟಕ್ಕೆ ಎರಡೆರಡು ಚಮಚದಂತೆ 36 ಗ್ರಾಂ. ಮಧ್ಯಾಹ್ನ ಊಟದ ಮೇಲೆ ಇಪ್ಪತ್ತು ರೂಪಾಯಿಯ ಕೋಲಾ ಬಾಟಲಿ. ಲೇಬಲ್ಲಿನಲ್ಲಿ 100 ಮಿ.ಲೀ.ಗೆ ಹತ್ತೂವರೆ ಗ್ರಾಂ ಎಂದಿತ್ತು, 250 ಮಿ.ಲೀ.ಗೆ 26. ರಾತ್ರಿ ಟೀಗೆ ಅದ್ದಿಕೊಳ್ಳಲು ಒಂದು ಸಣ್ಣ ಪ್ಯಾಕೆಟ್ ಬಿಸ್ಕತ್ತು, 12. ಒಟ್ಟು 74 ಗ್ರಾಂ. ಇದನ್ನು ಮೂವತ್ತರಿಂದ ಗುಣಿಸಿದೆ, ಕ್ಯಾಲ್ಕುಲೇಟರ್ ತಪ್ಪಿರಬಹುದು ಅಂತ ಇನ್ನೊಮ್ಮೆ ಗುಣಿಸಿದೆ. ತಿಂಗಳಿಗೆ ಎರಡು ಕೆ.ಜಿ. ಮೀರುತ್ತದೆ! ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಅವ್ವ ತಿಂಗಳಿಗೆ ತರಿಸುವುದೇ ಮೂರು ಕೆ.ಜಿ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿರುವ ಪ್ರಕಾರ, ನಾವು ತಿನ್ನುವ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ. ಇಡೀ ಹಣ್ಣಿನಲ್ಲಿ, ಹಾಲಿನಲ್ಲಿ ಸಹಜವಾಗಿರುವ ಸಕ್ಕರೆ ಈ ಲೆಕ್ಕಕ್ಕಿಲ್ಲ. ಜೇನು, ಸಿರಪ್ಪು, ಜ್ಯೂಸು ಎಲ್ಲ ಇದೆ. ನನ್ನ 74 ಗ್ರಾಂನಲ್ಲಿ ಒಂದೇ ಒಂದು ಸ್ವೀಟ್ ಇರಲಿಲ್ಲ ಎಂಬುದನ್ನು ಗಮನಿಸಿ. ಮುಕ್ಕಾಲುಪಾಲಿಗಿಂತ ಹೆಚ್ಚು ಕುಡಿದದ್ದೇ. ಕುಡಿದ ಸಕ್ಕರೆಯ ತೊಂದರೆ ಎಂದರೆ ಅದು ಹೊಟ್ಟೆ ತುಂಬಿಸುವುದಿಲ್ಲ. ಮುನ್ನೂರು ಕ್ಯಾಲೊರಿಯ ತಿಂಡಿ ತಿಂದರೆ ಊಟ ಒಂದಿಷ್ಟು ಕಡಿಮೆಯಾಗುತ್ತದೆ. ಮುನ್ನೂರು ಕ್ಯಾಲೊರಿ ಟೀ, ಕೋಲಾ ಕುಡಿದವನು ಮೆಸ್ಸಿನಲ್ಲಿ ಅಷ್ಟೇ ಅನ್ನ ಹಾಕಿಸಿಕೊಳ್ಳುತ್ತಾನೆ.

ಕಳೆದ ಸೆಮಿಸ್ಟರಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ರಕ್ತದ ಸಕ್ಕರೆ ಏರಿದ ಸುದ್ದಿ ತಿಳಿದು ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ, ಸಕ್ಕರೆ ಜೀವಕೋಶಗಳೊಳಗೆ ಹೋಗುತ್ತದೆ, ಮಟ್ಟ ಇಳಿಯುತ್ತದೆ. ಅಚ್ಚುಕಟ್ಟಾದ ಫೀಡ್‌ಬ್ಯಾಕ್ ವ್ಯವಸ್ಥೆ. ಮೈಯಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದಂತೆ ಕೋಶಗಳು ಇನ್ಸುಲಿನ್ ಮಾತನ್ನು ಅರ್ಧ ಕಿವಿಯಲ್ಲಿ ಕೇಳತೊಡಗುತ್ತವೆ. ಗ್ರಂಥಿ ಇನ್ನಷ್ಟು ಕೂಗಬೇಕಾಗುತ್ತದೆ. ಕೂಗಿ ಕೂಗಿ ಸೋತ ದಿನ ಸಕ್ಕರೆ ಕಾಯಿಲೆ. ನಮ್ಮ ವಂಶದಲ್ಲಿ ಅದು ಬೇಗ ಸೋಲುತ್ತದೆ ಅಂತ ಕಾಣುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ, ನನ್ನಂತೆ ಹೊಸ್ತಿಲಲ್ಲಿ ನಿಂತವರು 13.6 ಕೋಟಿ.

ಮೊದಲ ವಾರ ಶೂರನಂತೆ ಎಲ್ಲವನ್ನೂ ಒಟ್ಟಿಗೆ ಬಿಟ್ಟೆ. ಟೀ ಇಲ್ಲ, ಕೋಲಾ ಇಲ್ಲ, ಬಿಸ್ಕತ್ತಿಲ್ಲ. ಎರಡನೇ ದಿನಕ್ಕೆ ತಲೆ ಸಿಡಿಯತೊಡಗಿತು. ಮೈಯಿಂದ ವಿಷ ಹೊರಗೆ ಹೋಗ್ತಿದೆ ಅಂತ ರೂಮ್‌ಮೇಟ್ ಸಮಾಧಾನ ಹೇಳಿದ. ಫಾರ್ಮಸಿ ಓದುತ್ತಿರುವ ಗೆಳತಿಗೆ ಫೋನ್ ಮಾಡಿದರೆ, ‘ಲೋ ಪೆದ್ದ, ದಿನಾ ನಾಲ್ಕು ಟೀ ಕುಡಿಯೋನು ಒಂದೇ ಸಲ ನಿಲ್ಲಿಸಿದ್ರೆ ಕೆಫೀನ್ ಸಿಗದೆ ತಲೆ ನೋಯುತ್ತೆ. ಸಕ್ಕರೆ ಬಿಡು ಅಂದ್ರೆ ಟೀ ಯಾಕೆ ಬಿಟ್ಟೆ?’ ಎಂದಳು. ನಾಲ್ಕನೇ ರಾತ್ರಿ, ಕೆಲಸ ಸಿಕ್ಕ ಸೀನಿಯರ್ ಒಬ್ಬರು ತಂದಿದ್ದ ಮೈಸೂರು ಪಾಕಿನ ಡಬ್ಬಿಯಲ್ಲಿ ಆರು ತುಂಡು ನಾನೊಬ್ಬನೇ ಖಾಲಿ ಮಾಡಿದೆ. ಅದುವರೆಗೆ ಒಮ್ಮೆಯೂ ಎರಡಕ್ಕಿಂತ ಹೆಚ್ಚು ತಿಂದವನಲ್ಲ.

ಎರಡನೇ ಸಲ ಹುಷಾರಾದೆ. ಮೊದಲು ಕೋಲಾ ಒಂದನ್ನೇ ನಿಲ್ಲಿಸಿದೆ. ಅದರಲ್ಲಿ ಅಂಥ ಮೋಹವೇನೂ ಇರಲಿಲ್ಲ, ಎಲ್ಲರ ಕೈಯಲ್ಲಿ ಇರುತ್ತಿತ್ತು ಅಂತ ನನ್ನ ಕೈಯಲ್ಲೂ ಇರುತ್ತಿತ್ತು. ತಿಂಗಳಿಗೆ ಆರುನೂರು ರೂಪಾಯಿ ಉಳಿಯಿತು. ಅದರಲ್ಲಿ ಆ್ಯಪ್ಟಿಟ್ಯೂಡ್ ಪುಸ್ತಕ ಬಂತು. (ಇನ್ನೂ ತೆರೆದಿಲ್ಲ, ಅದು ಬೇರೆ ವಿಷಯ.)

ಟೀಯದೇ ಕಷ್ಟದ ಕೆಲಸ. ಕ್ಯಾಂಟೀನಿನಲ್ಲಿ ದೊಡ್ಡ ಪಾತ್ರೆಯಲ್ಲಿ ಕುದಿಸುವಾಗಲೇ ಸಕ್ಕರೆ ಸುರಿದುಬಿಡುತ್ತಾರೆ. ‘ಸಕ್ಕರೆ ಬೇಡ ಅಣ್ಣ’ ಎಂದರೆ, ‘ಅದರೊಳಗಿಂದ ಹೆಂಗೆ ತೆಗೀಲಿ?’ ಅಂತಾರೆ, ನ್ಯಾಯವೇ. ಕಾಫಿಯಲ್ಲಿ ಆ ತೊಡಕಿಲ್ಲ. ಡಿಕಾಕ್ಷನ್ ಬೇರೆ, ಹಾಲು ಬೇರೆ, ಸಕ್ಕರೆ ಬೇರೆ. ದರ್ಶಿನಿಯಲ್ಲಿ ‘ಒಂದು ವಿತೌಟ್’ ಎಂದರೆ ಸಾಕು. ಹಾಗೆ ಮೊದಲ ಸಲ ಕೂಗಿದಾಗ ಪಕ್ಕದಲ್ಲಿದ್ದ ಯಜಮಾನರೊಬ್ಬರು ತಮ್ಮ ವಿತೌಟ್ ಹಿಡಿದುಕೊಂಡೇ ನನ್ನತ್ತ ತಿರುಗಿ, ‘ಇಷ್ಟು ವಯಸ್ಸಿಗೇ ಶುಗರ್ರೇನಪ್ಪಾ?’ ಎಂದು ಕೇಳಿದರು. ನಮ್ಮಲ್ಲಿ ಸಕ್ಕರೆ ಬೇಡ ಎನ್ನುವ ಹಕ್ಕು ಕಾಯಿಲೆ ಬಂದವರಿಗೆ ಮಾತ್ರ. ‘ಬರಬಾರ್ದು ಅಂತ ಸಾರ್’ ಎಂದೆ. ಅವರು ಏನೂ ಅನ್ನದೆ ನನ್ನ ಕಾಫಿಯ ಬಿಲ್ಲು ಕೊಟ್ಟು ಹೋದರು.

ರಾತ್ರಿಯ ಟೀ ರೂಮಿನ ಕೆಟಲ್ಲಿನಲ್ಲಿ ನಾನೇ ಮಾಡತೊಡಗಿದೆ. ಎರಡು ಚಮಚವನ್ನು ಒಂದೂವರೆ ಮಾಡಿ ಎರಡು ವಾರ, ಒಂದು ಮಾಡಿ ಎರಡು ವಾರ, ಅರ್ಧ ಮಾಡಿ ಎರಡು ವಾರ. ನಾಲಿಗೆಗೆ ನಿಧಾನಕ್ಕೆ ಮೋಸ ಮಾಡಬಹುದು, ಒಂದೇ ಏಟಿಗೆ ಆಗುವುದಿಲ್ಲ. ಈಗ ಕ್ಯಾಂಟೀನ್ ಟೀ ಬಾಯಿಗಿಟ್ಟರೆ ಪಾಯಸ ಕುಡಿದಂತಾಗುತ್ತದೆ. ಬಿಸ್ಕತ್ತಿನ ಜಾಗಕ್ಕೆ ಕಡಲೆಕಾಯಿ, ಹುರಿಗಡಲೆ ಬಂದವು.

ಲೇಬಲ್ ಓದುವ ಚಟವೂ ಹತ್ತಿತು. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರಬೇಕೆಂಬುದು ನಿಯಮ. ಸಕ್ಕರೆ ಎರಡನೇ, ಮೂರನೇ ಸ್ಥಾನದಲ್ಲಿದ್ದರೆ ಅದು ಬಿಸ್ಕತ್ತಲ್ಲ, ಸ್ವೀಟು. ಕೆಲವೊಮ್ಮೆ ಅದು ವೇಷ ಮರೆಸಿಕೊಂಡು ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್ ಅಂತ ಮೂರು ಕಡೆ ಕೂತಿರುತ್ತದೆ. ಡಯಟ್ ಕೋಲಾ, ಸಿಹಿ ಮಾತ್ರೆಗಳತ್ತಲೂ ಕಣ್ಣು ಹೋಯಿತು. ಆದರೆ ತೂಕ ಇಳಿಸಲು ಅವನ್ನು ನೆಚ್ಚಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಸಿಹಿಯ ಆಸೆಯನ್ನು ಹಾಗೇ ಸಾಕಿಕೊಂಡು ಸಕ್ಕರೆಯನ್ನಷ್ಟೇ ಬದಲಿಸುವುದು ನನಗೂ ಸರಿಬರಲಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ ಗುಟ್ಟು ಹೊರಬಿತ್ತು. ಅವ್ವ ಕೊಟ್ಟ ಲೋಟ ಒಂದು ಗುಟುಕಿಗೇ ಕೆಳಗಿಟ್ಟೆ. ‘ಒಂದೇ ಚಮಚ ಹಾಕಿವ್ನಿ ಕನಪ್ಪಾ, ಏನೂ ಆಗಕಿಲ್ಲ’ ಎಂದಳು. ಬೇಡ ಎಂದಾಗ, ‘ಹಂಗಾರೆ ಬೆಲ್ಲ ಹಾಕ್ಕೊಡ್ತೀನಿ, ಬೆಲ್ಲ ಒಳ್ಳೇದು’ ಎಂದಳು. ಬೆಂಗಳೂರಿನಲ್ಲಿ ಬೆಲ್ಲದ ಟೀ ಅಂತ ಅಂಗಡಿಗಳೇ ಎದ್ದಿವೆ. ಆದರೆ ನಮ್ಮೂರ ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವುದೂ ಅದೇ ಕಬ್ಬಿನ ಹಾಲು. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಖನಿಜ ಇರಬಹುದು, ಉಳಿದದ್ದು ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಬಣ್ಣದ ಭೇದ ತಿಳಿಯುವುದಿಲ್ಲ.

ಅಪ್ಪ ಜಗಲಿಯಿಂದ ಕೇಳಿಸಿಕೊಳ್ಳುತ್ತಿದ್ದ. ‘ಕಬ್ಬು ಬೆಳೆಯೋರ ಮನೇಲಿ ಹುಟ್ಟಿ ಸಕ್ಕರೆ ಬ್ಯಾಡ ಅಂತೀಯಲ್ಲೋ. ನಿನ್ನ ಕಾಲೇಜ್ ಫೀಜು ಎಲ್ಲಿಂದ ಬತ್ತದೆ ಗೊತ್ತೇನ್ಲಾ? ನಾವೇ ತಿನ್ನಲ್ಲ ಅಂದ್ರೆ ಇನ್ಯಾರ್ಲಾ ತಿಂತಾರೆ?’

ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಹೊಳೆದಿಲ್ಲ. ನನ್ನಂಥ ಹುಡುಗರೆಲ್ಲ ಸಕ್ಕರೆ ಬಿಟ್ಟರೆ ಒಂದೂವರೆ ಎಕರೆಯ ಅಪ್ಪಂದಿರ ಗತಿ ಏನು ಎಂಬುದು ಹಗುರವಾದ ಪ್ರಶ್ನೆಯಲ್ಲ. ನಾನೊಬ್ಬ ತಿಂಗಳಿಗೆ ಎರಡು ಕೆ.ಜಿ. ಬಿಟ್ಟರೆ ಕಾರ್ಖಾನೆ ನಿಲ್ಲುವುದಿಲ್ಲ ಅಂತ ತಮಾಷೆ ಮಾಡಬಹುದಿತ್ತು, ಮಾಡಲಿಲ್ಲ. ಚೀಲದಿಂದ ರಿಪೋರ್ಟ್ ತೆಗೆದು ಕೊಟ್ಟೆ. ಅಪ್ಪನಿಗೆ ಇಂಗ್ಲಿಷ್ ಬಾರದು, ಆದರೆ ಐದು ವರ್ಷದಿಂದ ಅದೇ ನಮೂನೆಯ ಹಾಳೆಗಳನ್ನು ಬೀರುವಿನಲ್ಲಿ ಇಟ್ಟುಕೊಂಡಿರುವವನಿಗೆ ಯಾವ ಅಂಕಿ ಎಲ್ಲಿರುತ್ತದೆ ಅಂತ ಗೊತ್ತು. ಬಹಳ ಹೊತ್ತು ನೋಡಿದ. ‘ನಿಂಗೂ ಬಂತೇನ್ಲಾ?’ ಎಂದ. ಬಂದಿಲ್ಲ, ಬರಬಹುದು ಅಂತ ವಿವರಿಸಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ವಾಪಸು ಕೊಟ್ಟು ಎದ್ದು ಗದ್ದೆ ಕಡೆ ಹೋದ. ಅಂದು ರಾತ್ರಿ ಮಾತ್ರೆ ನುಂಗಿದ್ದನ್ನು ಅವ್ವ ಮೆಲ್ಲಗೆ ನನಗೆ ಬಂದು ಹೇಳಿದಳು. ಅವನು ಮಾತ್ರೆ ತಪ್ಪಿಸುವ ದಿನಗಳೇ ಹೆಚ್ಚು.

ನಾಲ್ಕು ತಿಂಗಳಲ್ಲಿ ನನ್ನ ತೂಕ 84ರಿಂದ 79ಕ್ಕೆ ಇಳಿಯಿತು. ದಿನಕ್ಕೆ 54 ಗ್ರಾಂ ಸಕ್ಕರೆ ತಪ್ಪಿದರೆ, ಒರಟು ಲೆಕ್ಕದಲ್ಲಿ, ಅಷ್ಟು ದಿನಕ್ಕೆ ಮೂರೂವರೆ ಕೆ.ಜಿ. ಇಳಿಯಬೇಕು. ಉಳಿದ ಒಂದೂವರೆಯ ಪುಣ್ಯ ಬೇಕರಿಗೆ ಸೇರಬೇಕು: ಟೀಗೆ ಅಂತ ಅಲ್ಲಿಗೆ ಹೋಗುವುದು ನಿಂತಾಗ ಟೀ ಜೊತೆಗಿನ ಪಫ್ಸು, ಖಾರಾ ಬನ್ನು ತಾವಾಗಿಯೇ ನಿಂತಿದ್ದವು. ಗೆಳೆಯರ ಜೊತೆಗಿನ ಸಂಜೆಯೂ ಕಡಿಮೆಯಾಯಿತು ಎಂಬುದು ನಷ್ಟವೇ. ಈಗ ಹೋಗುತ್ತೇನೆ, ಕಡಲೆಕಾಯಿ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ, ಬೈಸಿಕೊಳ್ಳುತ್ತೇನೆ. ಬರ್ತ್‌ಡೇ ಕೇಕು, ಕೆಲಸ ಸಿಕ್ಕವರ ಸ್ವೀಟು ಒಂದು ತುಂಡು ತಿನ್ನುತ್ತೇನೆ. ಸಂತೋಷಕ್ಕೆ ತಿಂದದ್ದು ನನ್ನ ಲೆಕ್ಕದ ಪುಸ್ತಕದಲ್ಲಿ ಯಾವತ್ತೂ ದೊಡ್ಡ ಅಂಕಿಯಾಗಿರಲಿಲ್ಲ.

ಜನವರಿ ಮೊದಲ ವಾರದ ಪರೀಕ್ಷೆಯಲ್ಲಿ 5.7 ಬಂತು. ಇನ್ನೂ ಗೆರೆಯ ಮೇಲೇ ಇದ್ದೇನೆ. ಮೆಸ್ಸಿನಲ್ಲಿ ಅನ್ನ ಹಾಕಿಸಿಕೊಳ್ಳುವ ಪ್ರಮಾಣ, ಕೂತಲ್ಲೇ ಕೂರುವ ದಿನಚರಿ ಇವನ್ನೂ ನೋಡಿಕೊಳ್ಳಬೇಕು ಎಂದರು ಡಾಕ್ಟರ್. ನೀಲಿ ಅಂಗಿಯ ನಾಲ್ಕನೇ ಗುಂಡಿ ಈಗ ಸಲೀಸು. ಐದನೆಯದನ್ನು ಹೊಲಿದುಕೊಂಡಿದ್ದೇನೆ, ಕೂತಾಗ ಇನ್ನೂ ಸ್ವಲ್ಪ ಬಿಗಿ.

ಸಂಕ್ರಾಂತಿಗೆ ಊರಿಗೆ ಹೋದೆ. ಎಳ್ಳುಬೆಲ್ಲ ತಿಂದೆ, ಗದ್ದೆಯಲ್ಲಿ ಅಪ್ಪ ಮುರಿದುಕೊಟ್ಟ ಕಬ್ಬಿನ ಎರಡು ಗಿಣ್ಣು ಸಿಗಿದು ತಿಂದೆ. ಅವ್ವ ಟೀ ಹೊತ್ತು ತಂದಳು. ಎರಡು ಲೋಟ ಬೇರೆ, ಎರಡು ಲೋಟ ಬೇರೆ. ಬೇರೆ ಇಟ್ಟಿದ್ದರಲ್ಲಿ ಒಂದು ನನ್ನದು, ಇನ್ನೊಂದು ಯಾರದು ಅಂತ ನಾನು ಕೇಳಲಿಲ್ಲ. ಅಪ್ಪ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿ, ‘ಇದೇನು ಟೀಯೋ ಕಲಗಚ್ಚೋ’ ಎಂದು ಬೈದು, ಅರ್ಧ ಕುಡಿದು, ಉಳಿದದ್ದನ್ನು ಬದುವಿಗೆ ಚೆಲ್ಲಿದ.

ನನ್ನ ಮುಂದಿನ ಪರೀಕ್ಷೆ ಯುಗಾದಿ ಕಳೆದ ಮೇಲೆ. ನೀನೂ ಮೈಸೂರಿಗೆ ಬಾ, ಇಬ್ಬರದೂ ಒಟ್ಟಿಗೆ ಮಾಡಿಸೋಣ ಎಂದು ಅಪ್ಪನನ್ನು ಕರೆದಿದ್ದೇನೆ. ಬತ್ತೀನಿ ಅಂದಿಲ್ಲ, ಬರಕಿಲ್ಲ ಅಂತಲೂ ಅಂದಿಲ್ಲ.